ಶಿರಾಡಿ ಘಾಟಿ, ಮಲೆನಾಡಿನ ಮಳೆ ಮತ್ತು ಎಲೆಕ್ಟ್ರಿಕ್ ಕಾರು: ಮೇಷ್ಟ್ರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 64 ವರ್ಷ. ನಿವೃತ್ತ ಹೈಸ್ಕೂಲು ಅಧ್ಯಾಪಕ. ಸಕಲೇಶಪುರದ ಹತ್ತಿರದ ಹಳ್ಳಿಯಲ್ಲಿ ಮನೆ, ಸಣ್ಣದೊಂದು ಕಾಫಿ ತೋಟ. 2013ರಲ್ಲಿ ಕೊಂಡ ಪೆಟ್ರೋಲ್ ಕಾರು ಇದೆ. ಹೆಂಡತಿಯ ಚಿಕಿತ್ಸೆಗೆಂದು ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಅಂದೇ ಹಿಂತಿರುಗುತ್ತೇವೆ. ಬರುವಾಗ ಅವಳಿಗೆ ಸುಸ್ತಾಗಿರುತ್ತದೆ, ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಬರುತ್ತಾಳೆ. ಎಲೆಕ್ಟ್ರಿಕ್ ಕಾರು ಕೊಳ್ಳಿ ಎಂದು ಬೆಂಗಳೂರಿನಲ್ಲಿರುವ ಮಗ ಒತ್ತಾಯಿಸುತ್ತಿದ್ದಾನೆ. ನಮ್ಮ ಜೊತೆಯಲ್ಲಿರುವ ಮಗಳು ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ಎಲೆಕ್ಟ್ರಿಕ್ ಸ್ಕೂಟರ್ ಬೇಕಂತೆ. ನನ್ನ ತಮ್ಮ ಮಾತ್ರ ಬೇಡವೇ ಬೇಡ ಎನ್ನುತ್ತಾನೆ. ಬ್ಯಾಟರಿ ಸಿಡಿಯುತ್ತದೆ, ಮಳೆಯಲ್ಲಿ ಕರೆಂಟ್ ಹೊಡೆಯುತ್ತದೆ, ಘಾಟಿ ಇಳಿಯುವಾಗ ಬ್ರೇಕ್ ಕೈಕೊಡುತ್ತದೆ, ಅಪಘಾತವಾದರೆ ಹತ್ತಿರ ಬಂದವರಿಗೂ ಶಾಕ್ ತಗಲುತ್ತದೆ ಎಂದೆಲ್ಲ ಹೇಳಿ ಮನೆಯವರನ್ನು ಹೆದರಿಸಿದ್ದಾನೆ. 16 ವರ್ಷದ ಮೊಮ್ಮಗ, ಎಲೆಕ್ಟ್ರಿಕ್ ಸ್ಕೂಟರಿಗೆ ಲೈಸೆನ್ಸ್ ಬೇಡ, ನಾನೇ ಓಡಿಸುತ್ತೇನೆ ಎಂದು ಕುಣಿಯುತ್ತಿದ್ದಾನೆ. ಇದರಲ್ಲಿ ನಿಜ ಯಾವುದು, ಸುಳ್ಳು ಯಾವುದು? ನಾವು ಏನು ಮಾಡಬೇಕು?

ಉತ್ತರ: ಮೇಷ್ಟ್ರೇ, ನಿಮ್ಮ ತಮ್ಮ ಹೇಳಿದ ನಾಲ್ಕು ಮಾತುಗಳಲ್ಲಿ ಎರಡಕ್ಕೆ ನಿಜವಾದ ಬೇರು ಇದೆ. ಉಳಿದ ಎರಡು ಸುಳ್ಳು. ಅದರಲ್ಲಿ ಒಂದು ಪ್ರಾಣಾಪಾಯ ತರುವ ಸುಳ್ಳು. ಒಂದೊಂದಾಗಿ ಹೇಳುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನೀವು ಪ್ರಶ್ನೆಯಾಗಿ ಕೇಳದೆ ಹಾಗೆಯೇ ಬರೆದುಬಿಟ್ಟ ಒಂದು ಸಾಲು: "ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಬರುತ್ತಾಳೆ." ಮೊದಲು ಅದನ್ನೇ ಮಾತನಾಡೋಣ.

ಅಪಘಾತವಾದ ವಾಹನಗಳನ್ನು ಪರಿಶೀಲಿಸಿ ವಿಮೆಗೆ ವರದಿ ಬರೆಯುವುದು ಹದಿನೆಂಟು ವರ್ಷಗಳಿಂದ ನನ್ನ ಕೆಲಸ. ಮುಂಭಾಗ ನಜ್ಜುಗುಜ್ಜಾದ ಕಾರಿನಲ್ಲಿ ಮುಂದೆ ಕುಳಿತು ಬೆಲ್ಟ್ ಹಾಕಿಕೊಂಡಿದ್ದವರು ನಡೆದುಕೊಂಡು ಹೊರಬಂದು, ಹಿಂದೆ ಬೆಲ್ಟ್ ಇಲ್ಲದೆ ಕುಳಿತಿದ್ದವರು ಉಳಿಯದೇ ಹೋದ ಪ್ರಕರಣಗಳನ್ನು ನಾನು ಒಂದಲ್ಲ, ಹಲವು ನೋಡಿದ್ದೇನೆ. ಕಾರು 60 ಕಿಲೋಮೀಟರ್ ವೇಗದಲ್ಲಿ ಏನಕ್ಕಾದರೂ ಬಡಿದು ನಿಂತರೆ, ಒಳಗಿರುವ ದೇಹ ಅದೇ 60ರ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ನಿಮ್ಮ ತೋಟದ ಸಿಲ್ವರ್ ಮರದಲ್ಲಿ ಸುಮಾರು 14 ಮೀಟರ್ ಎತ್ತರದಿಂದ ಮೆಣಸು ಕೊಯ್ಯುವವನು ಜಾರಿ ನೆಲಕ್ಕೆ ಬೀಳುವ ವೇಗವೂ ಅಷ್ಟೇ. ಅಷ್ಟು ಎತ್ತರಕ್ಕೆ ನೀವು ಯಾರನ್ನೂ ಹಗ್ಗವಿಲ್ಲದೆ ಹತ್ತಿಸುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 16,715 ಮಂದಿ ಸೀಟ್ ಬೆಲ್ಟ್ ಹಾಕಿರಲಿಲ್ಲ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಆ 16,715ರಲ್ಲಿ ಸರಿಸುಮಾರು ಅರ್ಧ ಜನ ಚಾಲಕರಲ್ಲ, ಪ್ರಯಾಣಿಕರು.

ಆದ್ದರಿಂದ ಕಾರು ಯಾವುದೇ ಇರಲಿ, ಮುಂದಿನ ಸಲ ಮಂಗಳೂರಿನಿಂದ ಬರುವಾಗ ಅಮ್ಮನವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬೆನ್ನಿನ ಭಾಗವನ್ನು ಸ್ವಲ್ಪ ಮಾತ್ರ ಹಿಂದಕ್ಕೆ ವಾಲಿಸಿ, ಕುತ್ತಿಗೆಗೆ ದಿಂಬು ಕೊಟ್ಟು, ಬೆಲ್ಟ್ ಹಾಕಿ. ಸೀಟನ್ನು ಪೂರ್ತಿ ಮಲಗಿಸಬೇಡಿ. ಹಾಗೆ ಮಾಡಿದರೆ ಡಿಕ್ಕಿಯಲ್ಲಿ ದೇಹ ಬೆಲ್ಟಿನ ಅಡಿಯಿಂದ ನುಸುಳಿ ಮುಂದಕ್ಕೆ ಜಾರುತ್ತದೆ. ಕುಳಿತು ಬರಲು ಆಗುವುದೇ ಇಲ್ಲ ಎನ್ನುವಷ್ಟು ಸುಸ್ತಿದ್ದರೆ ಆ ರಾತ್ರಿ ಮಂಗಳೂರಿನಲ್ಲಿ ಉಳಿದುಕೊಳ್ಳಿ. ಇದಕ್ಕೆ ಹೊಸ ಕಾರು ಬೇಕಾಗಿಲ್ಲ.

ಅದೇ ಜಾಡಿನಲ್ಲಿ ಇನ್ನೊಂದು ಮಾತು. ನಮ್ಮ ದೇಶದಲ್ಲಿ ಕಾರುಗಳಿಗೆ ಎಬಿಎಸ್ ಬ್ರೇಕ್ (ಗಟ್ಟಿಯಾಗಿ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವುದು) ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು ಅದೇ ವರ್ಷದ ಜುಲೈನಲ್ಲಿ. ಪಕ್ಕದ ಸೀಟಿನವರಿಗೂ ಏರ್‌ಬ್ಯಾಗ್ ಕಡ್ಡಾಯವಾಗಲು ಇನ್ನೂ ಎರಡು ವರ್ಷ ಹಿಡಿಯಿತು. 2013ರ ನಿಮ್ಮ ಕಾರು ಕಡಿಮೆ ಬೆಲೆಯ ಮಾದರಿಯಾಗಿದ್ದರೆ ಇವು ಯಾವುವೂ ಅದರಲ್ಲಿ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಆರ್‌ಸಿ ಪುಸ್ತಕ ಬೇಡ, ಸ್ಟೀರಿಂಗ್‌ನ ನಡುವೆ ಮತ್ತು ಡ್ಯಾಶ್‌ಬೋರ್ಡಿನ ಎಡಗಡೆ 'ಏರ್‌ಬ್ಯಾಗ್' ಎಂಬ ಅಚ್ಚು ಇದೆಯೇ ನೋಡಿ. ಇಲ್ಲವಾದರೆ, ಬ್ಯಾಟರಿಯ ಬೆಂಕಿಗೆ ಹೆದರಿ ಇದೇ ಕಾರಿನಲ್ಲಿ ತಿಂಗಳಿಗೆ ಎರಡು ಸಲ ಘಾಟಿ ಇಳಿದು ಹತ್ತುವುದು ಸಣ್ಣ ಅಪಾಯಕ್ಕೆ ಅಂಜಿ ದೊಡ್ಡ ಅಪಾಯದ ಜೊತೆ ಬಾಳುವಂತಾಗುತ್ತದೆ.

ಈಗ ಬೆಂಕಿಯ ವಿಷಯ. ನಿಮ್ಮ ತಮ್ಮ ಗಾಳಿಯಲ್ಲಿ ಗುಂಡು ಹೊಡೆದಿಲ್ಲ. 2022ರ ಮಾರ್ಚ್–ಏಪ್ರಿಲ್‌ನಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರ್‌ಗಳು ಹೊತ್ತಿ ಉರಿದವು. ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಕೂಟರಿಗೆ ಬೆಂಕಿ ಬಿದ್ದು ತಂದೆ ಮಗಳು ಸತ್ತರು. ವಿಜಯವಾಡದಲ್ಲಿ ಮಲಗುವ ಕೋಣೆಯಲ್ಲಿ ಚಾರ್ಜ್ ಆಗುತ್ತಿದ್ದ, ಸ್ಕೂಟರಿನಿಂದ ಬಿಚ್ಚಿ ತಂದಿದ್ದ ಬ್ಯಾಟರಿ ಸಿಡಿದು ಒಬ್ಬರು ಪ್ರಾಣ ಬಿಟ್ಟರು. ಆ ವಿಡಿಯೋಗಳನ್ನು ನೋಡಿದ ಯಾರೇ ಆದರೂ ಹೆದರುತ್ತಾರೆ. ಆ ಬೇಸಗೆಯ ನಂತರ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿತು. ದ್ವಿಚಕ್ರ ವಾಹನಗಳಿಗೆ ಎಐಎಸ್ 156, ಕಾರುಗಳಿಗೆ ಎಐಎಸ್ 038 ಎಂಬ ಮಾನದಂಡಗಳ ತಿದ್ದುಪಡಿಗಳು ಎರಡು ಹಂತಗಳಲ್ಲಿ, 2022ರ ಡಿಸೆಂಬರ್ 1ರಿಂದ ಮತ್ತು 2023ರ ಮಾರ್ಚ್ 31ರಿಂದ, ಜಾರಿಗೆ ಬಂದವು. ಕಾರಿನ ಮಟ್ಟಿಗೆ ಇದರ ಸಾರ ಹೀಗಿದೆ: ಬ್ಯಾಟರಿಯೊಳಗಿನ ಒಂದು ಕೋಶ ಕೆಟ್ಟು ಕಾದುಕೊಂಡರೆ, ಅದರ ಅಪಾಯ ಪ್ರಯಾಣಿಕರಿಗೆ ತಟ್ಟುವುದಕ್ಕೆ ಕನಿಷ್ಠ 5 ನಿಮಿಷ ಮೊದಲು ವಾಹನ ಎಚ್ಚರಿಕೆ ಕೊಡಬೇಕು. ಇಳಿದು ದೂರ ಹೋಗಲು 5 ನಿಮಿಷ ಸಾಕು, ಮರಳಿ ಬಂದು ಬ್ಯಾಗು ಎತ್ತಿಕೊಳ್ಳಲು ಹೋಗದಿದ್ದರೆ.

ಹಾಗಾದರೆ ಎಲೆಕ್ಟ್ರಿಕ್ ವಾಹನಗಳಿಗೆ ಪೆಟ್ರೋಲಿನವಕ್ಕಿಂತ ಹೆಚ್ಚಾಗಿ ಬೆಂಕಿ ಬೀಳುತ್ತದೆಯೇ? ಕಾರುಗಳ ಮಟ್ಟಿಗೆ ಇಲ್ಲ. ಸ್ವೀಡನ್‌ನಲ್ಲಿ ಇದರ ಲೆಕ್ಕ ಇಡುತ್ತಾರೆ. 2022ರಲ್ಲಿ ಅಲ್ಲಿ ಸುಮಾರು 6 ಲಕ್ಷ ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ (ಎಂಜಿನ್, ಬ್ಯಾಟರಿ ಎರಡೂ ಇರುವ) ಕಾರುಗಳ ಪೈಕಿ ಬೆಂಕಿ ಬಿದ್ದದ್ದು 23ಕ್ಕೆ. 44 ಲಕ್ಷದಷ್ಟಿದ್ದ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಸುಮಾರು 3,400ಕ್ಕೆ. ಎಲೆಕ್ಟ್ರಿಕ್ ಕಾರುಗಳು ಇನ್ನೂ ಹೊಸವು, ಹಳೆಯವಾದಾಗ ಈ ಅಂತರ ಕಡಿಮೆಯಾಗಬಹುದು ಎಂಬುದನ್ನೂ ಹೇಳಿಬಿಡಬೇಕು. ಅಲ್ಲದೆ ಬ್ಯಾಟರಿಯ ಬೆಂಕಿ ಅಪರೂಪವಾದರೂ ಹಠಮಾರಿ. ಆರಿತು ಎಂದುಕೊಂಡ ಮೇಲೆ ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಹುದು. ಕಾರಿನಲ್ಲಿಡುವ ಸಣ್ಣ ಪುಡಿ ಸಿಲಿಂಡರ್ ಅದನ್ನು ನಂದಿಸುವುದಿಲ್ಲ. ಹೊಗೆ ಕಂಡರೆ ನಿಲ್ಲಿಸಿ, ಇಳಿದು, ಮೂವತ್ತು ಮೀಟರ್ ದೂರ ಹೋಗಿ 112ಕ್ಕೆ ಕರೆ ಮಾಡಿ, ಎಲೆಕ್ಟ್ರಿಕ್ ವಾಹನ ಎಂದು ಮೊದಲ ಮಾತಿನಲ್ಲೇ ತಿಳಿಸಿ.

ಕೊಳ್ಳುವಾಗ ಬ್ಯಾಟರಿ ಯಾವ ಬಗೆಯದು ಎಂದು ಕೇಳಿ. ಎಲ್‌ಎಫ್‌ಪಿ ಎಂದರೆ ಕಬ್ಬಿಣ–ಫಾಸ್ಫೇಟ್ ಇರುವ ಬ್ಯಾಟರಿ. ಎನ್‌ಎಂಸಿ ಎಂಬ ನಿಕ್ಕಲ್ ಬಗೆಗಿಂತ ಇದು ಹೆಚ್ಚು ಶಾಖ ತಾಳುತ್ತದೆ. ತೂಕ ಸ್ವಲ್ಪ ಹೆಚ್ಚು. ಎರಡೂ ಇದ್ದರೆ ನಾನು ಎಲ್‌ಎಫ್‌ಪಿಯನ್ನೇ ಆರಿಸುತ್ತೇನೆ. ಸ್ಕೂಟರ್ ಆಗಿದ್ದರೆ 2023ರ ಏಪ್ರಿಲ್‌ಗಿಂತ ಮೊದಲು ತಯಾರಾದ ಹಳೆಯ ಗಾಡಿಯನ್ನು ಅಗ್ಗಕ್ಕೆ ಸಿಗುತ್ತದೆಂದು ತರಬೇಡಿ.

ಮೇಷ್ಟ್ರೇ, ಎಲೆಕ್ಟ್ರಿಕ್ ವಾಹನಗಳಿಗೆ ಸಂಬಂಧಿಸಿ ನಾನು ಪರಿಶೀಲಿಸಿದ ಬೆಂಕಿಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಬ್ಯಾಟರಿಯಲ್ಲಲ್ಲ, ಮನೆಯ ಗೋಡೆಯಲ್ಲಿ. ಇದನ್ನು ಕೊಂಚ ಬಿಡಿಸಿ ಹೇಳಬೇಕು, ಯಾಕೆಂದರೆ ಮಾರುವವರು ಇದನ್ನು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಮನೆಯ ದೊಡ್ಡ ಸಾಕೆಟ್ಟಿಗೆ ಗೀಸರ್ ಹಾಕುತ್ತೀರಿ. ಅದು ಅರ್ಧ ಗಂಟೆ ಉರಿದು ಆರುತ್ತದೆ. ಕಾರು ಅದೇ ಸಾಕೆಟ್ಟಿನಿಂದ ಸುಮಾರು 15 ಆಂಪಿಯರ್ ವಿದ್ಯುತ್ತನ್ನು ರಾತ್ರಿಯಿಡೀ, ಎಂಟು–ಹತ್ತು ಗಂಟೆ, ಎಡೆಬಿಡದೆ ಎಳೆಯುತ್ತದೆ. ಸಾಕೆಟ್ಟಿನ ಹಿಂದೆ ಒಂದು ಸ್ಕ್ರೂ ಸಡಿಲವಿದ್ದರೆ ಗೀಸರಿಗೆ ಗೊತ್ತೇ ಆಗದ ಆ ದೋಷ, ಕಾರಿಗೆ ಹಾಕಿದಾಗ ಕಾದು, ಕರಗಿ, ಕಪ್ಪಾಗಿ, ಕೊನೆಗೆ ಹೊತ್ತಿಕೊಳ್ಳುತ್ತದೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಮರದ ಅಟ್ಟದ ಕೆಳಗೆ, ಹಲಗೆಗೆ ಹೊಡೆದ ಬೋರ್ಡಿಗೆ ಇಂತಹ ಕೆಲಸ ಒಪ್ಪಿಸುವುದು ಖಂಡಿತ ಬೇಡ. ಕಿಟಕಿಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಅಂಗಳದಲ್ಲಿ ಸ್ಕೂಟರ್ ಚಾರ್ಜ್ ಮಾಡುವುದೂ ಬೇಡ.

ಮೀಟರ್ ಬೋರ್ಡಿನಿಂದ ನೇರವಾಗಿ ಕಾರಿಗೆಂದೇ ಪ್ರತ್ಯೇಕ ಲೈನ್ ಎಳೆಸಿ. 4 ಚದರ ಮಿಲಿಮೀಟರಿನ ತಾಮ್ರದ ತಂತಿ, ಅದಕ್ಕೇ ಒಂದು ಎಂಸಿಬಿ (ಕರೆಂಟ್ ಅತಿಯಾದರೆ ತಾನೇ ಆಫ್ ಆಗುವ ಸ್ವಿಚ್), ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ವಿದ್ಯುತ್ ನೆಲಕ್ಕೆ ಸೋರಿದರೆ ಕಣ್ಣುಮಿಟುಕಿಸುವುದರೊಳಗೆ ಲೈನ್ ಕತ್ತರಿಸುವುದು ಈ ಆರ್‌ಸಿಸಿಬಿ. ಮಳೆಯಲ್ಲಿ ಕರೆಂಟ್ ಹೊಡೆಯುತ್ತದೆ ಎಂಬ ಭಯಕ್ಕೆ ಇದೇ ಮದ್ದು. ಮನೆಗೆ ಮಂಜೂರಾದ ಲೋಡ್ ಸಾಲದಿದ್ದರೆ ನಿಮ್ಮ ಕಡೆಯ ವಿದ್ಯುತ್ ಕಂಪನಿಯಾದ ಸೆಸ್ಕ್ ಕಚೇರಿಯಲ್ಲಿ ಹೆಚ್ಚಿಸಿಕೊಳ್ಳಿ.

ಇನ್ನು ಅರ್ಥಿಂಗ್. ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಅನೇಕ ಚಾರ್ಜರುಗಳು ಕೆಂಪು ದೀಪ ತೋರಿಸಿ ಚಾರ್ಜ್ ಮಾಡಲು ನಿರಾಕರಿಸುತ್ತವೆ. ಆಗ ಕೆಲವು ಕಡೆ ವೈರಿಂಗ್ ಮಾಡುವವರು ಒಂದು ಉಪಾಯ ಮಾಡುತ್ತಾರೆ: ಸಾಕೆಟ್ಟಿನೊಳಗೆ ನ್ಯೂಟ್ರಲ್ ತಂತಿಯನ್ನೇ ಅರ್ಥ್ ಪಿನ್ನಿಗೆ ಸೇರಿಸಿಬಿಡುತ್ತಾರೆ. ಕೆಂಪು ದೀಪ ಹಸಿರಾಗುತ್ತದೆ, ಎಲ್ಲರಿಗೂ ಸಮಾಧಾನ. ಮುಂದೆ ಎಂದಾದರೂ ಗಾಳಿಮಳೆಗೆ ಮರ ಬಿದ್ದು ಕಂಬದಲ್ಲಿ ನ್ಯೂಟ್ರಲ್ ತುಂಡಾದರೆ, ಕಾರಿನ ಇಡೀ ಮೈಗೆ 230 ವೋಲ್ಟ್ ಬಂದು ಕೂರುತ್ತದೆ. ಆಗ ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಬಾಗಿಲು ಮುಟ್ಟಿದವರ ಗತಿ ಏನು? ದಯವಿಟ್ಟು ಇದನ್ನು ಯಾರಿಂದಲೂ ಮಾಡಿಸಬೇಡಿ. ಅರ್ಥ್ ಗುಂಡಿಯನ್ನು ಹೊಸದಾಗಿ ತೋಡಿಸಿ, ಅಳೆಸಿ. ನಿಮ್ಮಲ್ಲಿ ಮಳೆಗಾಲದಲ್ಲಿ ಅದು ಚೆನ್ನಾಗಿಯೇ ಇರುತ್ತದೆ. ಮಾರ್ಚ್‌ನಿಂದ ಮೇ ತನಕ ಮಣ್ಣು ಒಣಗಿದಾಗ ವಾರಕ್ಕೊಮ್ಮೆ ನೀರು ಹಾಕಿಸಬೇಕು.

ಗುಡುಗು ಮಿಂಚು ಬಂದಾಗ ಪ್ಲಗ್ ತೆಗೆಯಿರಿ, ಅಷ್ಟು ಸಾಕು. ಟಿವಿಗೆ ಮಾಡುವುದನ್ನೇ ಕಾರಿಗೂ ಮಾಡುವುದು.

ಅಪಘಾತವಾದ ಎಲೆಕ್ಟ್ರಿಕ್ ಕಾರನ್ನು ಮುಟ್ಟಿದರೆ ಶಾಕ್ ತಗಲುತ್ತದೆ ಎಂಬ ಮಾತನ್ನೇ ನಾನು ಪ್ರಾಣಾಪಾಯದ ಸುಳ್ಳು ಎಂದದ್ದು. ದೊಡ್ಡ ಬ್ಯಾಟರಿಯ ಎರಡು ಧ್ರುವಗಳಿಗೂ ಕಾರಿನ ಲೋಹದ ಮೈಗೂ ಸಂಪರ್ಕವೇ ಇರುವುದಿಲ್ಲ. ಜೋರಾದ ಡಿಕ್ಕಿಯಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿದ್ದಂತೆ ಬ್ಯಾಟರಿಯಿಂದ ಹೊರಡುವ ವಿದ್ಯುತ್ತನ್ನು ಕಾರೇ ಕಡಿದುಹಾಕುತ್ತದೆ. ಕಿತ್ತುಬಂದ ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ಮಾತ್ರ ಮುಟ್ಟಬಾರದು. ಹೊಗೆ ಇಲ್ಲವಾದರೆ ಗಾಯಾಳುವನ್ನು ಬೇರೆ ಯಾವ ಕಾರಿನಿಂದ ಹೇಗೆ ಹೊರತೆಗೆಯುತ್ತೀರೋ ಹಾಗೆಯೇ ತೆಗೆಯಬಹುದು. ಈ ಸುಳ್ಳನ್ನು ನಂಬಿ ಘಾಟಿಯಲ್ಲಿ ಯಾರಾದರೂ ಸುಮ್ಮನೆ ನಿಂತು ನೋಡಿದರೆ, ಉಳಿಯಬಹುದಾದ ಜೀವ ಹೋಗುತ್ತದೆ. ನಿಮ್ಮ ತಮ್ಮನಿಗೆ ಬೇರೇನು ಹೇಳದಿದ್ದರೂ ಇದನ್ನು ಹೇಳಿ.

ಮಳೆನೀರಿನ ಬಗ್ಗೆ ನನ್ನ ಆತಂಕ ನಿಮ್ಮ ತಮ್ಮನದಕ್ಕಿಂತ ಬೇರೆ. ಒಳ್ಳೆಯ ಬ್ಯಾಟರಿಗೆ ಐಪಿ 67 ಎಂಬ ದರ್ಜೆ ಇರುತ್ತದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಒಳಗೆ ನೀರು ಹೋಗಬಾರದು ಎಂದು ಅದರ ಅರ್ಥ. ಮಳೆಯಲ್ಲಿ ಓಡಿಸಲು, ತೊಳೆಯಲು ಭಯವಿಲ್ಲ. ಎಂಜಿನ್ನಿಗೆ ನೀರು ಸೇರಿ ಆಫ್ ಆಗುವ ತೊಂದರೆಯೂ ಇಲ್ಲವಲ್ಲ, ಆ ಧೈರ್ಯದಿಂದಲೇ ಕೆಲವರು ತುಂಬಿ ಹರಿಯುವ ಮುಳುಗು ಸೇತುವೆಗೆ ಎಲೆಕ್ಟ್ರಿಕ್ ಕಾರು ಇಳಿಸುತ್ತಾರೆ. ಹರಿಯುವ ನೀರಿಗೆ ಇಂಧನ ಯಾವುದಾದರೇನು? ಮೊಣಕಾಲಿಗೂ ಬಾರದ, ಒಂದಡಿಯಷ್ಟು ರಭಸದ ನೀರು ಸಣ್ಣ ಕಾರನ್ನು ಪಕ್ಕಕ್ಕೆ ತಳ್ಳಬಲ್ಲದು; ಎರಡಡಿ ನೀರು ದೊಡ್ಡ ಕಾರನ್ನೂ ತೇಲಿಸಿಕೊಂಡು ಹೋಗುತ್ತದೆ. ಇನ್ನು, ನಿಂತ ಕಾರು ನೆರೆಯಲ್ಲಿ ಮುಳುಗಿದರೆ ಸ್ಟಾರ್ಟ್ ಮಾಡಬೇಡಿ, ಚಾರ್ಜಿಗೆ ಹಾಕಬೇಡಿ, ಮನೆಯಿಂದ ದೂರ ನಿಲ್ಲಿಸಿ ಕಂಪನಿಯವರನ್ನು ಕರೆಸಿ. ಸಮುದ್ರದ ಉಪ್ಪುನೀರಾದರಂತೂ ಇನ್ನೂ ಎಚ್ಚರ ಬೇಕು. 2022ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಇಯಾನ್ ಚಂಡಮಾರುತ ಬಂದುಹೋದ ಮೇಲೆ, ಉಪ್ಪುನೀರಿನಲ್ಲಿ ಮುಳುಗಿದ್ದ ಎಲೆಕ್ಟ್ರಿಕ್ ಕಾರುಗಳಿಗೆ ದಿನಗಳ ನಂತರ ಬೆಂಕಿ ಹತ್ತಿತು.

ಘಾಟಿಯ ಬ್ರೇಕ್ ವಿಷಯಕ್ಕೆ ಬರುತ್ತೇನೆ. ನಿಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಇದು.

ಪೆಟ್ರೋಲ್ ಕಾರಿನಲ್ಲಿ ಶಿರಾಡಿ ಇಳಿಯುವಾಗ ನೀವು ಎರಡನೇ ಅಥವಾ ಮೂರನೇ ಗೇರಿನಲ್ಲಿ ಇರುತ್ತೀರಿ. ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ, ಬ್ರೇಕಿಗೆ ಬಿಡುವು ಸಿಗುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಗೇರ್ ಇಲ್ಲ. ಅದರ ಬದಲು, ಆಕ್ಸಿಲರೇಟರಿನಿಂದ ಕಾಲು ಎತ್ತಿದಾಗ ಮೋಟಾರು ಡೈನಮೋ ಆಗಿ ತಿರುಗಿ, ಕಾರಿನ ಓಟವನ್ನೇ ವಿದ್ಯುತ್ತಾಗಿ ಮಾಡಿ ಬ್ಯಾಟರಿಗೆ ತುಂಬುತ್ತದೆ. ಹಾಗೆ ತುಂಬುವಾಗ ಕಾರು ನಿಧಾನವಾಗುತ್ತದೆ. ಇದನ್ನು ರೀಜೆನ್ ಎನ್ನುತ್ತಾರೆ. ಘಾಟಿ ಇಳಿಯಲು ಇದಕ್ಕಿಂತ ಒಳ್ಳೆಯ ಸಹಾಯ ಇನ್ನೊಂದಿಲ್ಲ; ಬ್ರೇಕ್ ಕಾಯುವುದೇ ಇಲ್ಲ. ಆದರೆ ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ನೀರು ಹಿಡಿಸುವುದಿಲ್ಲ. ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೆ ಹುಟ್ಟಿದ ವಿದ್ಯುತ್ತಿಗೆ ಹೋಗಲು ಜಾಗವಿಲ್ಲ, ಆದ್ದರಿಂದ ಕಾರು ರೀಜೆನ್ನನ್ನು ಕಡಿಮೆ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ. ಬಯಲುಸೀಮೆಯವರಿಗೆ ಇದು ಗೊತ್ತೂ ಆಗುವುದಿಲ್ಲ. ನಿಮ್ಮ ಮನೆ ಇರುವುದು ಘಾಟಿಯ ತಲೆಯ ಮೇಲೆ. ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಬೆಳಿಗ್ಗೆ ಹೊರಟು, ಅರ್ಧ ಗಂಟೆಯಲ್ಲೇ ಇಳಿಜಾರು ಹಿಡಿಯುತ್ತೀರಿ. ಕಾಲು ಎತ್ತಿದರೂ ಕಾರು ನಿಧಾನವಾಗುವುದಿಲ್ಲ, ಎದೆ ಧಸಕ್ಕೆನ್ನುತ್ತದೆ. ಬ್ರೇಕ್ ಕೈಕೊಟ್ಟಿತು ಎಂಬ ಮಾತು ಹುಟ್ಟಿದ್ದು ಇಲ್ಲಿ ಎಂದು ನನ್ನ ಊಹೆ. ಬ್ರೇಕ್ ಕೈಕೊಟ್ಟಿರುವುದಿಲ್ಲ, ಪೆಡಲ್ ಒತ್ತಿದರೆ ಎಂದಿನ ಬ್ರೇಕ್ ಹಿಡಿಯುತ್ತದೆ. ಆದರೆ ಎಲ್ಲ ಭಾರವೂ ಅದರ ಮೇಲೆಯೇ ಬಿದ್ದು, ಎಡೆಬಿಡದೆ ಒತ್ತಿಕೊಂಡೇ ಇಳಿದರೆ ಯಾವ ಕಾರಿನ ಬ್ರೇಕೂ ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಲೆಕ್ಕ ನೋಡಿ. ಜನ, ಸಾಮಾನು ಸೇರಿ 1,600 ಕಿಲೋ ತೂಗುವ ಕಾರು 800 ಮೀಟರ್ ಕೆಳಗಿಳಿದರೆ ಸುಮಾರು ಮೂರೂವರೆ ಯೂನಿಟ್ ವಿದ್ಯುತ್ತಿನಷ್ಟು ಶಕ್ತಿಯನ್ನು ಬಿಟ್ಟುಕೊಡಬೇಕು. ಅರ್ಧದಷ್ಟನ್ನು ಗಾಳಿ ಮತ್ತು ಟೈರಿನ ಘರ್ಷಣೆ ತಿನ್ನುತ್ತವೆ ಎಂದಿಟ್ಟುಕೊಂಡರೂ ಉಳಿದದ್ದನ್ನು ಬ್ಯಾಟರಿ ತೆಗೆದುಕೊಳ್ಳಬೇಕು, ಇಲ್ಲವೇ ಬ್ರೇಕ್ ಸುಟ್ಟು ಕಳೆಯಬೇಕು. 30 ಯೂನಿಟ್ ಹಿಡಿಸುವ ಬ್ಯಾಟರಿಯಲ್ಲಿ ಇದಕ್ಕೆ ನೂರಕ್ಕೆ ಐದಾರು ಪಾಲು ಜಾಗ ಸಾಕು. ಆದ್ದರಿಂದ ಮಂಗಳೂರಿಗೆ ಹೊರಡುವ ದಿನ ಶೇಕಡಾ 85ರಿಂದ 90ಕ್ಕೆ ಚಾರ್ಜ್ ನಿಲ್ಲಿಸಿ. ಎಲ್‌ಎಫ್‌ಪಿ ಬ್ಯಾಟರಿಯನ್ನು ಆಗಾಗ ನೂರಕ್ಕೆ ತುಂಬಿಸಿ ಎಂದು ಕಂಪನಿ ಹೇಳಿದ್ದರೆ, ಅದನ್ನು ಪ್ರಯಾಣವಿಲ್ಲದ ದಿನ ಮಾಡಿ.

ಇನ್ನೂ ಎರಡು ಸಂಗತಿ ಇವೆ. ಜೋರು ಮಳೆಯಲ್ಲಿ, ಕೆಂಪು ಮಣ್ಣು ಹರಡಿದ ತಿರುವಿನಲ್ಲಿ ರೀಜೆನ್ ಅತಿ ಹೆಚ್ಚಿನ ಮಟ್ಟದಲ್ಲಿದ್ದರೆ, ಕಾಲು ತಟಕ್ಕನೆ ಎತ್ತಿದಾಗ ಚಕ್ರ ಜಾರಬಹುದು, ಮಧ್ಯಮ ಮಟ್ಟದಲ್ಲಿಡಿ. ಇಎಸ್‌ಸಿ ಎಂಬ, ಜಾರುವ ಕಾರನ್ನು ಸಂಭಾಳಿಸುವ ವ್ಯವಸ್ಥೆ ಇರುವ ಮಾದರಿಯನ್ನೇ ಕೊಳ್ಳಿ, ಅದಕ್ಕಾಗಿ ಸನ್‌ರೂಫ್ ಬಿಡಬೇಕಾದರೂ ಸರಿ. ಮತ್ತೆ, ರೀಜೆನ್ ಇರುವುದರಿಂದ ನಿಜವಾದ ಬ್ರೇಕಿಗೆ ಕೆಲಸವೇ ಕಡಿಮೆ. ನಿಮ್ಮ ಊರಿನ ತೇವದಲ್ಲಿ ಕೆಲಸವಿಲ್ಲದ ಬ್ರೇಕ್ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ನಾಲ್ಕೈದು ಸಲ ಬ್ರೇಕ್ ಪೆಡಲನ್ನು ಗಟ್ಟಿಯಾಗಿ ಒತ್ತಿ ನಿಲ್ಲಿಸಿ. ಮಳೆಗಾಲಕ್ಕೆ ಮುಂಚೆ ಚಕ್ರ ಬಿಚ್ಚಿಸಿ ತೋರಿಸಿ. ಎಲೆಕ್ಟ್ರಿಕ್ ಕಾರು ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಭಾರ, ಟೈರ್ ಬೇಗ ಸವೆಯುತ್ತದೆ. ಅದನ್ನೂ ಆಗಲೇ ನೋಡಿಸಿ.

ಸ್ಕೂಟರಿನ ಬಗ್ಗೆ. ನಿಮ್ಮ ಮಗಳ ದಿನದ ಓಡಾಟಕ್ಕೆ ಎಲೆಕ್ಟ್ರಿಕ್ ಸ್ಕೂಟರ್ ಚೆನ್ನಾಗಿ ಹೊಂದುತ್ತದೆ. ಅದರ ಅಪಾಯ ಇರುವುದು ಬಲಗೈಯಲ್ಲಿ. ಪೆಟ್ರೋಲ್ ಸ್ಕೂಟರ್ ಗುರುಗುಟ್ಟಿ ಆಮೇಲೆ ಓಡುತ್ತದೆ. ಇದು ಹಿಡಿ ತಿರುಗಿಸಿದ ಕ್ಷಣವೇ ಪೂರ್ತಿ ಬಲದಿಂದ ನೆಗೆಯುತ್ತದೆ. ಮೊದಲ ತಿಂಗಳು ಇಕೋ ಎಂಬ, ಕಡಿಮೆ ಬಲದ ಮೋಡಿನಲ್ಲೇ ಓಡಿಸಲಿ. ಇನ್ನೊಂದು, ಇದು ಆನ್ ಆಗಿರುವುದು ಕಿವಿಗೆ ಗೊತ್ತಾಗುವುದಿಲ್ಲ. ಗಾಡಿ ನಿಲ್ಲಿಸಿ, ಆಫ್ ಮಾಡಲು ಮರೆತು, ಪಕ್ಕದಲ್ಲಿದ್ದ ಮಗು ಹಿಡಿ ತಿರುವಿ ಗಾಡಿ ಗೋಡೆಗೆ ನುಗ್ಗಿದ್ದನ್ನು ನಾನು ಪರಿಶೀಲಿಸಿದ್ದೇನೆ. ಇಳಿಯುವ ಮೊದಲು ಆಫ್ ಮಾಡುವುದು ಅಭ್ಯಾಸವಾಗಲಿ. ಸದ್ದಿಲ್ಲದ ಗಾಡಿ ಹಿಂದಿನಿಂದ ಬರುವುದು ದನಕ್ಕೂ ತಿಳಿಯುವುದಿಲ್ಲ, ನಡೆದು ಹೋಗುವ ಅಜ್ಜಿಗೂ ತಿಳಿಯುವುದಿಲ್ಲ. ಯುರೋಪಿನಲ್ಲಿ 2021ರಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳೂ ನಿಧಾನ ವೇಗದಲ್ಲಿ ಸದ್ದು ಮಾಡಲೇಬೇಕು ಎಂಬ ನಿಯಮ ಇರುವುದು ಇದಕ್ಕಾಗಿಯೇ. ಹಳ್ಳಿಯ ದಾರಿಯಲ್ಲಿ ದೂರದಿಂದಲೇ ಒಮ್ಮೆ ಮೆಲ್ಲಗೆ ಹಾರ್ನ್ ಮಾಡುವುದು ಒಳ್ಳೆಯದು.

ರಾತ್ರಿ ಪಾಳಿ ಮುಗಿಸಿ ಬರುವವಳಿಗೆ ಒಳ್ಳೆಯ ಹೆಲ್ಮೆಟ್ ಕೊಡಿಸಿ, ಐಎಸ್‌ಐ ಗುರುತಿನದು. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ, ಅವರಲ್ಲಿ 14 ಸಾವಿರಕ್ಕೂ ಹೆಚ್ಚು ಜನ ಹಿಂದೆ ಕುಳಿತಿದ್ದವರು. ಬಿಚ್ಚಿ ತರುವ ಬ್ಯಾಟರಿಯ ಸ್ಕೂಟರ್ ಆದರೆ ಅದನ್ನು ಮಲಗುವ ಕೋಣೆಗಾಗಲೀ, ಹೊರಬಾಗಿಲಿಗೆ ಹೋಗುವ ದಾರಿಗಾಗಲೀ ತರಬೇಡಿ. ಹೊರಗಿನ ಜಗಲಿಯಲ್ಲಿ, ಸಿಮೆಂಟಿನ ನೆಲದ ಮೇಲೆ, ಎಲ್ಲರೂ ಎಚ್ಚರವಿರುವ ಹೊತ್ತಿನಲ್ಲಿ ಚಾರ್ಜ್ ಮಾಡಿ.

ಮೊಮ್ಮಗ ಹೇಳಿದ್ದು ಅರ್ಧ ಸತ್ಯ. 250 ವ್ಯಾಟ್‌ಗಿಂತ ಹೆಚ್ಚಿಲ್ಲದ ಮೋಟಾರು, ಗಂಟೆಗೆ 25 ಕಿಲೋಮೀಟರ್ ದಾಟದ ವೇಗ, ಇಂತಹ ಗಾಡಿಗೆ ಮಾತ್ರ ಲೈಸೆನ್ಸ್, ನೋಂದಣಿ ಬೇಡ. ಮಗಳು ಕೊಳ್ಳಬೇಕೆಂದಿರುವ ಸ್ಕೂಟರಿಗೆ ಲೈಸೆನ್ಸ್, ನೋಂದಣಿ, ವಿಮೆ ಎಲ್ಲವೂ ಬೇಕು. ಅದನ್ನು ಅವನ ಕೈಗೆ ಕೊಟ್ಟು ಅಪರಾಧವೇನಾದರೂ ನಡೆದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಅವನನ್ನು ಗದರಿಸುವ ಬದಲು ಈ ಕೊನೆಯದನ್ನು ಹೇಳಿ ನೋಡಿ.

ಈಗ ಏನು ಮಾಡಬೇಕು ಎಂಬುದು. ನಿಮ್ಮ ಮುಂದೆ ಮೂರು ದಾರಿಗಳಿವೆ. ಹಳೆಯ ಕಾರನ್ನೇ ಇಟ್ಟುಕೊಳ್ಳುವುದು: ಖರ್ಚು ಕಡಿಮೆ, ಆದರೆ ಏರ್‌ಬ್ಯಾಗ್ ಇಲ್ಲದಿದ್ದರೆ ತಿಂಗಳಿಗೆರಡು ಸಲ ಘಾಟಿಗೆ ನಾನು ಒಪ್ಪುವುದಿಲ್ಲ. ಹೊಸ ಪೆಟ್ರೋಲ್ ಅಥವಾ ಹೈಬ್ರಿಡ್ ಕಾರು: ಚಾರ್ಜಿಂಗಿನ ಚಿಂತೆ ಇಲ್ಲ, ಜುಲೈ–ಆಗಸ್ಟ್‌ನಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋದರೂ ಹೊರಡಬಹುದು, ಇಂಧನದ ಖರ್ಚು ಮುಂದುವರಿಯುತ್ತದೆ. ಎಲೆಕ್ಟ್ರಿಕ್ ಕಾರು: ಓಡಿಸುವ ಖರ್ಚು ಕಡಿಮೆ, ಘಾಟಿಯಲ್ಲಿ ನೆಮ್ಮದಿ, ಆದರೆ ದೂರದ ಲೆಕ್ಕ ಇಟ್ಟುಕೊಂಡೇ ಬದುಕಬೇಕು. ಜಾಹೀರಾತಿನಲ್ಲಿ ಹೇಳುವ ದೂರದ ಮೂರನೇ ಎರಡು ಪಾಲು ಮಾತ್ರ ನಿಮಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. 30 ಯೂನಿಟ್ಟಿನ ಬ್ಯಾಟರಿಯಲ್ಲಿ ಮಂಗಳೂರಿಗೆ ಇಳಿಯುವುದು ಸುಲಭ, ಹತ್ತಿ ಬರುವಾಗ ನಾಲ್ಕು ಯೂನಿಟ್‌ನಷ್ಟು ಹೆಚ್ಚು ಬೇಕು. ಅಂದರೆ ಮಂಗಳೂರಿನಲ್ಲಿ ಒಂದು ಸಲ ಚಾರ್ಜ್ ಮಾಡಲೇಬೇಕು. ಅಮ್ಮನವರ ಚಿಕಿತ್ಸೆ ನಡೆಯುವ ಎರಡು ಮೂರು ಗಂಟೆಯಲ್ಲಿ ಅದು ಆಗಿಹೋಗುತ್ತದೆ, ಆಸ್ಪತ್ರೆಯ ಹತ್ತಿರ ಕೆಲಸ ಮಾಡುವ ಚಾರ್ಜರ್ ಇದ್ದರೆ. ಆ್ಯಪ್ ಇದೆ ಎನ್ನುತ್ತದೆ ಎಂದು ನಂಬದೆ, ಮುಂದಿನ ಸಲ ಹೋದಾಗ ಕಣ್ಣಾರೆ ನೋಡಿ ಬನ್ನಿ.

ನನ್ನನ್ನು ಕೇಳಿದರೆ ಮಗಳಿಗೆ ಸ್ಕೂಟರನ್ನು ಈಗಲೇ ಕೊಡಿಸಿ. ಕಾರನ್ನು ಮುಂದಿನ ಮಳೆಗಾಲಕ್ಕೆ ಮೊದಲು ಬದಲಿಸಿ. ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಅಪಘಾತ ಪರೀಕ್ಷೆ 2023ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಟಾಟಾ ಪಂಚ್ ಮತ್ತು ನೆಕ್ಸಾನ್ ಕಾರುಗಳ ಎಲೆಕ್ಟ್ರಿಕ್ ಮಾದರಿಗಳಿಗೆ ಅದರಲ್ಲಿ 5 ನಕ್ಷತ್ರ ಸಿಕ್ಕಿವೆ. ಯಾವ ಕಂಪನಿಯದೇ ಆಗಲಿ, ನಕ್ಷತ್ರ ನೋಡಿಯೇ ಕೊಳ್ಳಿ. ಎಲೆಕ್ಟ್ರಿಕ್ ಆದರೆ ಕಾರು ತರುವ ದಿನ ಶೋರೂಮಿನವರಿಂದ ಒಂದು ವಿಷಯ ಕೈಯಾರೆ ಮಾಡಿಸಿಕೊಳ್ಳಿ: ಕರೆಂಟ್ ಪೂರ್ತಿ ಹೋದಾಗ ಬಾಗಿಲನ್ನು ಒಳಗಿನಿಂದ ಹೇಗೆ ತೆರೆಯುವುದು. ಎಲೆಕ್ಟ್ರಿಕ್ ಕಾರಿನಲ್ಲೂ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. ಅಮ್ಮನವರಿಗೂ ಬಾಗಿಲು ತೆರೆದು ಅಭ್ಯಾಸವಾಗಲಿ.

ಅದಕ್ಕೂ ಮೊದಲು ಈ ವಾರವೇ ಲೈಸೆನ್ಸ್ ಇರುವ ಒಬ್ಬ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ನಿಮ್ಮ ಮನೆಯ ಅರ್ಥಿಂಗ್ ಎಷ್ಟು ಓಮ್ ಇದೆ ಎಂದು ಅಳೆಸಿ, ಆ ಅಂಕಿಯನ್ನೂ ಮೀಟರ್ ಬೋರ್ಡಿನ ಒಂದು ಫೋಟೋವನ್ನೂ ನನಗೆ ಕಳುಹಿಸಿ. ಯಾವ ಕಾರು ಎಂಬುದನ್ನು ಅದು ಬಂದ ಮೇಲೆ ಮಾತನಾಡೋಣ.